ಕೇದಾರನ ಎಡೆ

ಪ್ರವಾಸಕ್ಕೆ ಹೊರಡಲು ಮೂರು ದಿನ ಇದೆ ಎನ್ನುವಾಗ ಕೇದಾರ ತಾನು ಬರುವುದಿಲ್ಲ ಎಂದ. ಗಿಲ್‌ರಾಯ್ ಊರಿನ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಅದರಿಂದ ಕಣ್ಣು ತೆಗೆಯದೆ ಹೇಳಿದ.

“ರಿಲೀಸು ಮುಂದಿನ ವಾರಕ್ಕ ಹೋಗೇತಿ ಸಂಯು. ನಾ ಬರಾಕ ಆಗಂಗಿಲ್ಲ.”

ಸಂಯುಕ್ತಾ ಕುಕ್ಕರಿನ ಗ್ಯಾಸ್ಕೆಟ್ ತೊಳೆಯುತ್ತಿದ್ದಳು. ಅದನ್ನು ತೊಳೆದು, ಒರೆಸಿ, ಇಟ್ಟಳು.

“ಹೋದ ವರ್ಷವೂ ರಿಲೀಸು. ಅದರ ಹಿಂದಿನ ವರ್ಷ ಪೋರ್ಟ್‌ಲ್ಯಾಂಡಿಗೂ ಬರಲಿಲ್ಲ.”

“ಪೋರ್ಟ್‌ಲ್ಯಾಂಡಿಗೆ ಹೋಗೋ ಮುಂದ ನನಗ ಆರಾಮ ಇರಲಿಲ್ಲ.”

“ಮೀಟಿಂಗಿಗೆ ಆರಾಮಿತ್ತು.”

ಅವನು ನಕ್ಕ. ಅವಳು ನಗಲಿಲ್ಲ.

“ನೀನು ಬರದೇ ಇದ್ರೆ ಆ ಅಪಾರ್ಟ್‌ಮೆಂಟು ತಗೋತೀನಿ ಅಂತ ಹೇಳಿದ್ದೆ,” ಎಂದಳು. “ಮುಂದಿನ ಶುಕ್ರವಾರದ ತನಕ ಹಿಡಿದಿಟ್ಟಿರ್ತಾರೆ.”

“ಅಲ್ಟಿಮೇಟಮ್ಮಾ?”

“ಇನ್ಫರ್ಮೇಶನ್ನು.”

ಅಪಾರ್ಟ್‌ಮೆಂಟು ಮೌಂಟನ್ ವ್ಯೂನಲ್ಲಿತ್ತು. ಒಂದೇ ಮಲಗುವ ಕೋಣೆ. ಅವಳ ಆಫೀಸಿಗೆ ಅಲ್ಲಿಂದ ಸೈಕಲ್ಲಿನಲ್ಲಿ ಹತ್ತು ನಿಮಿಷ. ಹಿತ್ತಲಿರುವ ಮನೆ ಬೇಕೆಂದು ಮೂರು ವರ್ಷದ ಹಿಂದೆ ಗಿಲ್‌ರಾಯ್‌ಗೆ ಬಂದದ್ದು ಕೇದಾರನ ಆಸೆಯಿಂದ. ಅವನು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದ. ಬೆಳಿಗ್ಗೆ ಆರಕ್ಕೆ ಫ್ರೀವೇ ಹತ್ತಿ, ಸಂಜೆ ಏಳಕ್ಕೆ ಬೆಳ್ಳುಳ್ಳಿ ಹೊಲಗಳ ವಾಸನೆಯ ಆ ಊರಿಗೆ ಮರಳುತ್ತಿದ್ದವಳು ಸಂಯುಕ್ತಾ. ಹಿತ್ತಲಿನಲ್ಲಿ ಒಂದು ನಿಂಬೆ ಗಿಡ ಇತ್ತು. ಅದನ್ನು ಹಗಲಿನಲ್ಲಿ ನೋಡುತ್ತಿದ್ದದ್ದು ಅವಳು ಶನಿವಾರ ಮತ್ತು ಭಾನುವಾರ ಮಾತ್ರ.

ಪ್ರವಾಸದಲ್ಲಿ ಇಬ್ಬರೂ ಉಳಿಯಬೇಕಿದ್ದ ಕನಜಾವಾದ ಹಳೆಯ ತಂಗುಮನೆಗೆ ಅವಳು ಅವತ್ತೇ ಬರೆದಳು: ಒಬ್ಬರು ಕಡಿಮೆಯಾದರೆ ಆದೀತೇ? ಇಬ್ಬರಿಗಿಂತ ಕಡಿಮೆಯಾದರೆ ಕೋಣೆ ಕೊಡುವುದಿಲ್ಲ ಎಂದು ತುಂಬ ವಿನಯದಿಂದ ಉತ್ತರ ಬಂತು. ಅವಳು ಇಬ್ಬರ ಬುಕಿಂಗನ್ನು ಹಾಗೆಯೇ ಬಿಟ್ಟಳು. ಅಲ್ಲಿ ಹೋಗಿ ಹೇಳಿದರಾಯಿತು ಎಂದುಕೊಂಡಳು.

ಹುಬ್ಬಳ್ಳಿಯಲ್ಲಿದ್ದ ಅತ್ತೆ ದ್ಯಾಮವ್ವ ಹೋಗಬೇಡ ಎನ್ನಲಿಲ್ಲ. ಒಂದು ಷರತ್ತು ಹಾಕಿದಳು.

“ಹೆಣ್ಮಗಳು ಒಬ್ಬಾಕಿ ಹೊಂಟೀದಿ. ದಿನಾ ರಾತ್ರಿ ಊಟದ ಫೋಟೋ ಗ್ರೂಪಿನ್ಯಾಗ ಹಾಕು. ಊಟ ಕಂಡ್ರ ನೀ ಅದೀ ಅಂತ ತಿಳ್ಕೋತೀನಿ.”

ಗ್ರೂಪಿನಲ್ಲಿ ಇದ್ದವರು ಮೂರೇ ಜನ.

ಕನಜಾವಾದ ಹೋಟೆಲುಗಳಲ್ಲಿ ಎಲ್ಲರೂ ಮೊದಲು ಕೇಳುತ್ತಿದ್ದದ್ದು ಎಷ್ಟು ಜನ ಎಂದು. ಸಂಯುಕ್ತಾ ಒಂದು ಬೆರಳು ಎತ್ತುತ್ತಿದ್ದಳು. ಹುಬ್ಬಳ್ಳಿಯಲ್ಲಾಗಿದ್ದರೆ ಯಾಕೆ ಒಬ್ಬಳೇ ಎಂಬ ಪ್ರಶ್ನೆ ಬರುತ್ತಿತ್ತು. ಇಲ್ಲಿ ಬೆರಳು ನೋಡಿ ಗೋಡೆಯ ಪಕ್ಕದ ಒಂಟಿ ಕುರ್ಚಿ ತೋರಿಸುತ್ತಿದ್ದರು, ಅಷ್ಟೆ. ಎರಡನೆಯ ದಿನದ ಹೊತ್ತಿಗೆ ಕೇಳುವ ಮೊದಲೇ ಬೆರಳು ಏಳುತ್ತಿತ್ತು.

ಊರು ಮಹಾಯುದ್ಧದಲ್ಲಿ ಸುಟ್ಟಿರಲಿಲ್ಲ, ಹಾಗಾಗಿ ಹಳೆಯದು ಉಳಿದಿತ್ತು. ಸಮುರಾಯ್‌ಗಳಿದ್ದ ಕೇರಿಯ ಮಣ್ಣಿನ ಗೋಡೆಗಳ ಉದ್ದಕ್ಕೂ ನಡೆದಳು. ಅಂಗಡಿಗಳಾಗಿ ಬದಲಾದ ಹಳೆಯ ಚಹಾಮನೆಗಳ ಬೀದಿಯಲ್ಲಿ ಚಿನ್ನದ ರೇಕು ಸುತ್ತಿದ ಐಸ್‌ಕ್ರೀಂ ತಿಂದಳು. ಚಿನ್ನಕ್ಕೆ ರುಚಿ ಇಲ್ಲ ಎಂದು ಗೊತ್ತಾಯಿತು. ಮೂಗಿಗೆ ಅಂಟಿಕೊಂಡ ಒಂದು ಚೂರು ಸಂಜೆ ಕನ್ನಡಿಯಲ್ಲಿ ಕಂಡಿತು. ಮೀನಿನ ಪೇಟೆಯಲ್ಲಿ ತಿನ್ನುತ್ತಾ ನಡೆಯುವಂತಿಲ್ಲ, ಕೊಂಡ ಅಂಗಡಿಯ ಮುಂದೆಯೇ ನಿಂತು ಮುಗಿಸಬೇಕು. ಅವಳು ನಿಂತು ಸಿಗಡಿ ತಿಂದಳು. ಮದುವೆಯಾದ ಮೇಲೆ ಅವಳು ಹೊರಗೆ ಮಾತ್ರ ಇದನ್ನೆಲ್ಲ ತಿನ್ನುತ್ತಿದ್ದಳು. ಕೇದಾರನಿಗೆ ಗೊತ್ತಿತ್ತು. ದ್ಯಾಮವ್ವನಿಗೆ ಗೊತ್ತಿರಲಿಲ್ಲ. ಆ ರಾತ್ರಿ ಗ್ರೂಪಿಗೆ ಹೋದದ್ದು ಅನ್ನ ಮತ್ತು ಸೌತೆಕಾಯಿ ಉಪ್ಪಿನಕಾಯಿಯ ಫೋಟೋ.

ಮೂರನೆಯ ದಿನ ದೊಡ್ಡ ತೋಟಕ್ಕೆ ಹೋದಳು. ಪೈನ್ ಮರದ ನಡುವೆ ಎತ್ತರದ ಕಂಬ ನೆಟ್ಟು, ಅದರ ತುದಿಯಿಂದ ಒಂದೊಂದು ಕೊಂಬೆಗೂ ಹಗ್ಗ ಇಳಿಬಿಟ್ಟು ಕಟ್ಟಿದ್ದರು. ಹಿಮದ ಭಾರಕ್ಕೆ ಕೊಂಬೆ ಮುರಿಯಬಾರದು. ಹಿಮ ಇನ್ನೂ ಬಿದ್ದಿರಲಿಲ್ಲ. ಏಣಿಯ ಮೇಲಿದ್ದ ಮುದುಕ ಒಂದು ಗಂಟು ಹಾಕುವುದು, ಇಳಿದು ದೂರ ನಿಂತು ನೋಡುವುದು, ಮತ್ತೆ ಹತ್ತಿ ಅದೇ ಗಂಟು ಬಿಚ್ಚಿ ಹಾಕುವುದು ಮಾಡುತ್ತಿದ್ದ. ಅವಳು ನಲವತ್ತು ನಿಮಿಷ ಬೆಂಚಿನ ಮೇಲೆ ಕೂತು ನೋಡಿದಳು. ಬೇಗ ಹೋಗೋಣ ಎನ್ನುವವರು ಇರಲಿಲ್ಲ. ಇದ್ದಿದ್ದರೆ ಎಂದು ಯೋಚಿಸಲಿಲ್ಲ. ಚಳಿಗೆ ಎದ್ದು ಹೋಗಿ, ಚಹಾ ಗಿಡದ ಕಡ್ಡಿಯನ್ನೇ ಹುರಿದು ಮಾಡುವ ಆ ಊರಿನ ಚಹಾ ಎರಡು ಲೋಟ ಕುಡಿದಳು.

ಗುರುವಾರ ಮಧ್ಯಾಹ್ನ ತಂಗುಮನೆಗೆ ಬಂದಳು. ಎಪ್ಪತ್ತು ದಾಟಿದ ಯಜಮಾನಿ ಬಾಗಿಲಲ್ಲಿ ಎರಡು ಜೊತೆ ಚಪ್ಪಲಿ ಜೋಡಿಸಿ ಇಟ್ಟಿದ್ದಳು. ಸಂಯುಕ್ತಾ ಬೆರಳು ಎತ್ತಿದಳು. ಯಜಮಾನಿ ಅವಳ ಹಿಂದೆ ಬೀದಿಯನ್ನು ನೋಡಿದಳು, ಆಮೇಲೆ ಬೆರಳನ್ನು ನೋಡಿದಳು.

ಮಾತೆಲ್ಲ ಫೋನಿನ ಅನುವಾದದಲ್ಲಿ ನಡೆಯಿತು. ಗಂಡ ಬರಲಿಲ್ಲ, ಕೆಲಸ ಎಂದಳು. ಯಜಮಾನಿ ಫೋನಿಗೆ ಏನೋ ಹೇಳಿದಳು. ಪರದೆಯ ಮೇಲೆ ಬಂತು: “ಅವರ ಸಾರು ನಿನ್ನೆಯಿಂದ ನೆನೆಯುತ್ತಿದೆ.”

ಸಂಯುಕ್ತಾಳಿಗೆ ಆಗ ನೆನಪಾಯಿತು. ಆಗಸ್ಟಿನಲ್ಲಿ ಬುಕ್ ಮಾಡುವಾಗ ಫಾರ್ಮಿನಲ್ಲಿ ಬರೆದಿದ್ದಳು. ಮೊದಲನೆಯ ಅತಿಥಿ ದನದ ಮಾಂಸ ಬಿಟ್ಟು ಎಲ್ಲ ತಿನ್ನುತ್ತಾರೆ. ಎರಡನೆಯ ಅತಿಥಿಗೆ ಮಾಂಸ, ಮೀನು, ಮೊಟ್ಟೆ ಬೇಡ, ಮೀನಿನ ರಸ ಹಾಕಿದ ಸಾರೂ ಬೇಡ. ಮೀನಿನ ರಸ ಇಲ್ಲದೆ ಅಡುಗೆ ಮಾಡುವುದು ಈ ಊರಿನಲ್ಲಿ ಎಷ್ಟು ಕಷ್ಟ ಎಂದು ನಾಲ್ಕು ದಿನದಲ್ಲಿ ಅವಳಿಗೆ ಗೊತ್ತಾಗಿತ್ತು.

ಸಂಜೆ ಆರೂವರೆಗೆ ಕೋಣೆಗೆ ಊಟ ಜೋಡಿಸಿದ ಎರಡು ಗಿಡ್ಡ ಮಣೆಗಳು ಬಂದವು, ಎದುರುಬದುರು. ಅವಳ ಮಣೆಯಲ್ಲಿ ಚಿಪ್ಪಿನಲ್ಲೇ ಜೋಡಿಸಿದ ಏಡಿ, ಬಾತುಕೋಳಿಯ ಗೊಜ್ಜು. ಎದುರಿನ ಮಣೆಯಲ್ಲಿ ತುರಿದು ಹಬೆಯಲ್ಲಿ ಬೇಯಿಸಿದ ತಾವರೆ ಬೇರು, ಗೋಧಿಯ ಅಂಟಿನಿಂದ ಮಾಡಿದ ಮೆತ್ತನೆಯ ತುಂಡುಗಳು, ಪುಟ್ಟ ಒಲೆಯ ಮೇಲೆ ತೋಫು, ಅನ್ನ, ಮುಚ್ಚಳ ಹಾಕಿದ ಕಪ್ಪು ಬಟ್ಟಲಿನಲ್ಲಿ ಸಮುದ್ರದ ಸೊಪ್ಪು ಮತ್ತು ಅಣಬೆಯ ಸಾರು. ಯಜಮಾನಿ ಒಲೆಗೆ ಕಡ್ಡಿ ಗೀರಿದಳು. ಫೋನು ಚಾಚಿದಳು.

“ಮನೆಯವರು ದೂರ ಇದ್ದಾಗ ನನ್ನ ತಾಯಿ ಅವರ ಪಾಲಿನ ಊಟ ಬಡಿಸಿ ಇಡುತ್ತಿದ್ದಳು. ಅವರು ಅಲ್ಲಿ ಹಸಿಯಬಾರದು ಎಂದು. ನಿಮ್ಮ ಗಂಡನ ಮುಖ ತೋರಿಸುವಿರಾ?”

ಪಾಸ್‌ಪೋರ್ಟಿನ ಚೀಲದಲ್ಲಿ ಕೇದಾರನ ಒಂದು ಫೋಟೋ ಇತ್ತು, ವೀಸಾಕ್ಕೆ ತೆಗೆಸಿ ಉಳಿದದ್ದು. ಬಿಳಿ ಹಿನ್ನೆಲೆ, ಎರಡೂ ಕಿವಿ ಕಾಣಬೇಕು, ನಗಬಾರದು. ಯಜಮಾನಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅನ್ನದ ಬಟ್ಟಲಿನ ಹಿಂದೆ ಒಂದು ಲೋಟಕ್ಕೆ ಒರಗಿಸಿ ಇಟ್ಟಳು. ತಲೆಬಾಗಿದಳು.

ಒಳ್ಳೆಯ ಊಟ, ಅವನಿಗೆಂದೇ ಮಾಡಿದ್ದು, ಅವನು ನೋಡಲಿ ಎಂದು ಸಂಯುಕ್ತಾ ಫೋಟೋ ತೆಗೆದು ಗ್ರೂಪಿಗೆ ಹಾಕಿದಳು. ಏಡಿಯ ಕಾಲು ಮೂಲೆಯಲ್ಲಿ ಬಂದದ್ದನ್ನು ಕತ್ತರಿಸಲು ಮರೆತಳು.

ಐದು ನಿಮಿಷದೊಳಗೆ ಹುಬ್ಬಳ್ಳಿಯಿಂದ ವಿಡಿಯೋ ಕಾಲು ಬಂತು. ಅಲ್ಲಿ ಮಧ್ಯಾಹ್ನ ಮೂರು. ದ್ಯಾಮವ್ವನ ಮುಖ ಪರದೆಗೆ ತೀರ ಹತ್ತಿರ ಇತ್ತು.

“ಸಂಯುಕ್ತಾ, ಖರೆ ಹೇಳು. ಕೇದಾರಗ ಏನಾಗೇತಿ?”

“ಏನೂ ಆಗಿಲ್ಲ ಅತ್ತೆ. ಮಲಗಿದಾನೆ. ಅಲ್ಲಿ ಮಧ್ಯರಾತ್ರಿ ದಾಟಿದೆ.”

“ಮಲಗ್ಯಾನಂದ್ರ ಫೋನ್ ಯಾಕ ಎತ್ತವಲ್ಲ? ನಾಕ್ ಸಲ ಮಾಡೀನಿ.”

“ಸೈಲೆಂಟಲ್ಲಿ ಇಡ್ತಾನೆ.”

“ಮತ್ತ ಎಡಿ ಯಾಕ ಇಟ್ಟಿ ಅವಂಗ?”

“ಯಾವ ಎಡೆ ಅತ್ತೆ?”

“ಯಾವ ಎಡಿ ಅಂತ ನನ್ನ ಕೇಳ್ತಿ. ಫೋಟೋ ಇಟ್ಟೀದಿ, ಮುಂದ ಬೆಂಕಿ ಹಚ್ಚೀದಿ, ಅನ್ನ ಬಡಿಸೀದಿ. ಮಾನಮಿ ಅಮಾಸಿಗೆ ನಿಮ್ಮ ಮಾವಗ ನಾ ಹಿಂಗ ಇಡ್ತೀನಿ. ನೀನೂ ಒಮ್ಮೆ ನಿನ್ನ ಕೈಲೇ ಬಡಿಸೀದಿ.”

ಸಂಯುಕ್ತಾ ಎದುರಿನ ಮಣೆಯನ್ನು ನೋಡಿದಳು. ಅವಳ ತವರಿನಲ್ಲಿ ಸತ್ತವರಿಗೆ ಫೋಟೋ ಇಟ್ಟು ಬಡಿಸುವ ಪದ್ಧತಿ ಇರಲಿಲ್ಲ. ಮದುವೆಯಾದ ಮೊದಲ ವರ್ಷ ಹುಬ್ಬಳ್ಳಿಯಲ್ಲಿ ಮಾವ ಬಸವಂತಪ್ಪನವರ ಫೋಟೋದ ಮುಂದೆ ಹೋಳಿಗೆ, ಕಡಬು, ಅವರ ಇಷ್ಟದ ಎಣ್ಣೆಗಾಯಿ ಇಟ್ಟದ್ದು ಈಗ ನೆನಪಾಯಿತು. ಆ ಫೋಟೋದಲ್ಲೂ ಎರಡೂ ಕಿವಿ ಕಾಣುತ್ತಿದ್ದವು.

“ಇಲ್ಲ ಅತ್ತೆ. ಇಲ್ಲಿ ಬದುಕಿರೋರಿಗೆ ಇಡ್ತಾರಂತೆ. ದೂರ ಇದ್ದಾಗ.”

“ಬದುಕಿದವರಿಗೆ ಯಾರರ ಇಡ್ತಾರೇನು? ಬದುಕಿದವರು ಬಂದು ಉಣ್ತಾರ.”

ದ್ಯಾಮವ್ವ ಅಳತೊಡಗಿದಳು.

ಪರದೆಯಲ್ಲಿ ಅಳುವ ಮುದುಕಿಯನ್ನು ಕಂಡು ಯಜಮಾನಿ ಹತ್ತಿರ ಬಂದಳು. ಯಾರು ಎಂದು ಕೈಯಲ್ಲೇ ಕೇಳಿದಳು. ಫೋಟೋದವನ ತಾಯಿ ಎಂದು ಸಂಯುಕ್ತಾ ತೋರಿಸಿದಳು. ಯಜಮಾನಿ ತನ್ನ ಫೋನಿಗೆ ಹೇಳಿ ಪರದೆ ಹಿಡಿದಳು.

“ಏನಂತಾಳ ಆಕಿ?” ದ್ಯಾಮವ್ವ ಕೇಳಿದಳು.

“ಸಾರಿನ ಬಟ್ಟಲಿನ ಮುಚ್ಚಳ ತೆಗೆದು ನೋಡಬೇಕಂತೆ. ಒಳಗಡೆ ನೀರಿನ ಹನಿ ಇದ್ರೆ ದೂರ ಇರೋನು ಚೆನ್ನಾಗಿದಾನೆ ಅಂತ ಅರ್ಥ.”

ದ್ಯಾಮವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

“ತಗದು ನೋಡು ಮತ್ತ. ಕುಂತು ಏನ್ ಮಾಡ್ತಿ.”

ಸಂಯುಕ್ತಾ ಮುಚ್ಚಳ ಎತ್ತಿ ಮಗುಚಿದಳು. ಒಳಗೆಲ್ಲ ಹನಿ. ಒಂದು ಅವಳ ಮಣಿಕಟ್ಟಿನ ಮೇಲೆ ಬಿತ್ತು. ಕ್ಯಾಮೆರಾಕ್ಕೆ ಹಿಡಿದಳು.

“ಅದಾನ,” ಎಂದಳು ದ್ಯಾಮವ್ವ. ಉಸಿರು ಬಿಟ್ಟಳು. ಯಜಮಾನಿಗೆ ಕೈ ಮುಗಿದಳು, ಯಜಮಾನಿ ತಲೆಬಾಗಿದಳು. ಇಬ್ಬರೂ ಇದನ್ನು ಎರಡೆರಡು ಸಲ ಮಾಡಿದರು. “ಅವನ ಪಾಲಿಂದು ನೀನ ಉಣ್ಣು. ಬದುಕಿದವರದು ಕಾಗಿಗೆ ಹಾಕಬಾರದು. ಬಿಡಬ್ಯಾಡ.”

ಬಿಸಿ ಸಾರಿಗೆ ಮುಚ್ಚಳ ಹಾಕಿಟ್ಟರೆ ಯಾರ ಗಂಡನಾದರೂ ಚೆನ್ನಾಗಿಯೇ ಇರುತ್ತಾನೆ ಎಂದು ಸಂಯುಕ್ತಾಳಿಗೆ ಅನ್ನಿಸಿತು. ಆದರೂ ಅದು ಸುಳ್ಳಾಗಿರಲಿಲ್ಲ. ಕೇದಾರ ಚೆನ್ನಾಗಿಯೇ ಇದ್ದ. ಮೂರು ವರ್ಷದಿಂದ, ಅವಳು ಫ್ರೀವೇ ಮೇಲೆ ಇದ್ದಾಗಲೆಲ್ಲ, ಚೆನ್ನಾಗಿಯೇ ಇದ್ದ.

ಏಡಿ ಮುಗಿಸುವಷ್ಟರಲ್ಲಿ ಅವನದೇ ಕಾಲು ಬಂತು.

“ಏನ್ ಕಳಿಸೀದಿ ಗ್ರೂಪಿಗೆ? ಬಾತ್‌ರೂಮಿಗೆ ಎದ್ದೆ, ಅವ್ವಂದು ನಾಕು ಮಿಸ್ಡ್ ಕಾಲ್. ಫೋನ್ ಮಾಡಿದ್ರ ನೀ ಅದೀ, ಹನಿ ಬಂದೇತಿ ಅಂತಾಳ. ಏನದು?”

“ಫೋಟೋ ನೋಡಿದ್ಯಾ ನೀನು?”

“ಅವ್ವ ಹೇಳಿದ್ಲಲ್ಲ. ಡಿಲೀಟ್ ಮಾಡು ಅದನ್ನ.”

“ನಿನ್ನ ಊಟ ಇದೆ ಅದರಲ್ಲಿ. ಎರಡು ದಿನ ಹಿಡಿದಿದೆ ಮಾಡೋಕೆ.”

“ನನ್ನ ಊಟ ಅಲ್ಲೆ ಯಾಕ? ಸಂಯು, ಎಂಟಕ್ಕ ಮೀಟಿಂಗ್ ಐತಿ. ಡಿಲೀಟ್ ಮಾಡಿ ಮಲ್ಕೋ, ಆತಾ?”

“ಇಲ್ಲಿ ಇನ್ನೂ ಏಳು ಗಂಟೆ.”

“ಆತು, ಊಟ ಮಾಡು.” ಇಟ್ಟುಬಿಟ್ಟ.

ಅವಳು ಎದುರಿನ ಮಣೆಯ ಕಡೆಗೆ ಹೋಗಿ ಕೂತಳು. ಫೋಟೋವನ್ನು ತೆಗೆದು ಚೀಲಕ್ಕೆ ಹಾಕಿದಳು. ತಾವರೆ ಬೇರಿನಿಂದ ಶುರು ಮಾಡಿ ಎಲ್ಲವನ್ನೂ ತಿಂದಳು. ಸಾರು ಅಷ್ಟರಲ್ಲಿ ಆರಿತ್ತು, ಆದರೂ ರುಚಿ ಇತ್ತು. ಅನ್ನ ಮುಗಿಸುವುದು ಕಷ್ಟವಾಯಿತು. ಬಿಡಬಾರದು ಎಂದಿದ್ದರಿಂದ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯಿಂದ ಒಂದು ವಾಯ್ಸ್ ಮೆಸೇಜು ಬಂದಿತ್ತು. “ಫೋಟೋ ಇರಲಿ, ತಗೀಬ್ಯಾಡ. ಮಗನ ಮುಖ ಚೊಲೊ ಬಂದೇತಿ. ಆದ್ರ ನಿನ್ನ ತಾಟಿನ್ಯಾಗ ಅದು ಕೆಂಪು ಕಾಲಿಂದು ಏನು? ಇರಲಿ, ಬಂದ ಮ್ಯಾಲ ಹೇಳು. ಗ್ರೂಪಿನ್ಯಾಗ ಹೇಳಬ್ಯಾಡ.”

ಸಂಯುಕ್ತಾ ಅದನ್ನು ಎರಡು ಸಲ ಕೇಳಿದಳು. ಆಮೇಲೆ ಸ್ಟೇಶನ್ನಿನ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಅಪಾರ್ಟ್‌ಮೆಂಟಿನ ಲೀಸಿನ ಫಾರ್ಮು ತೆರೆದಳು. ಮೌಂಟನ್ ವ್ಯೂನಲ್ಲಿ ಇನ್ನೂ ಗುರುವಾರ ಸಂಜೆ. ವಾಸ ಮಾಡುವವರು ಎಷ್ಟು ಜನ ಎಂಬ ಕಡೆ ಒಂದು ಎಂದು ಹಾಕಿದಳು. ಸಹಿ ಮಾಡಲು ಬೆರಳೇ ಸಾಕಾಯಿತು. ರೈಲು ಬರಲು ಆರು ನಿಮಿಷ ಇತ್ತು.

ಭಾನುವಾರ ಗಿಲ್‌ರಾಯ್‌ನ ಮನೆಯಲ್ಲಿ ಅವಳು ಪುಸ್ತಕಗಳನ್ನು ಡಬ್ಬಕ್ಕೆ ತುಂಬುತ್ತಿದ್ದಾಗ ಕೇದಾರ ಬಾಗಿಲಿಗೆ ಒರಗಿ ನಿಂತಿದ್ದ. ರಿಲೀಸು ಆಗಿತ್ತು. ಗಡ್ಡ ಬೋಳಿಸಿರಲಿಲ್ಲ.

“ಎಷ್ಟು ತಿಂಗಳದು ಲೀಸು?”

“ಹದಿಮೂರು.”

“ಖರೇನ ಮಾಡಿದಿ ಅಂದ್ರ.”

“ಹೇಳಿದ್ದೆ.”

“ಶನಿವಾರ ಬರ್ತೀ ಇಲ್ಲಿಗೆ?”

“ನೀನು ಬಾ. ನಲವತ್ತೈದು ಮೈಲಿ. ನಾನು ದಿನಾ ಮಾಡ್ತಿದ್ದೆ.”

“ನೋಡೋಣ,” ಎಂದ. ಆಮೇಲೆ ತಾನೇ ಆ ಮಾತನ್ನು ಕೇಳಿಸಿಕೊಂಡವನಂತೆ ಗಡ್ಡ ಉಜ್ಜಿಕೊಂಡ. ಒಂದು ಡಬ್ಬದ ಮೇಲೆ ಕೂತು ಫೋನು ತೆಗೆದ. ಗ್ರೂಪಿನಲ್ಲಿ ಹಿಂದಕ್ಕೆ ಹೋಗಿ ಆ ಫೋಟೋ ತೆರೆದ. ಎರಡು ಬೆರಳಿನಿಂದ ದೊಡ್ಡದು ಮಾಡಿ, ಅಲ್ಲಿ ಇಲ್ಲಿ ಸರಿಸಿ ನೋಡಿದ. ತನ್ನ ಮುಖದ ಮೇಲೆ ಸ್ವಲ್ಪ ಹೊತ್ತು ನಿಂತ.

“ಇದು ಬೆಳ್ಳಗಿರೋದು ಏನು?”

“ತಾವರೆ ಬೇರು.”

“ಹ್ಯಾಂಗಿತ್ತು?”

“ನನ್ನದಕ್ಕಿಂತ ನಿನ್ನದೇ ಚೆನ್ನಾಗಿತ್ತು,” ಎಂದಳು ಸಂಯುಕ್ತಾ. “ಏಳು, ಅದರ ಮೇಲೆ ಕೂರಬೇಡ. ಟೇಪು ಹಾಕಬೇಕು.”

ಅವನು ಎದ್ದ.