ತುದಿಬೆರಳಿನ ಸದ್ದು

ಕಿವಿ ಕೇಳದವರಿಗಾಗಿ ಸಿನಿಮಾದ ಸದ್ದುಗಳನ್ನು ಅಕ್ಷರದಲ್ಲಿ ಬರೆಯುವುದು ನನ್ನ ಕೆಲಸ. ಮಾತುಗಳನ್ನು ಬೇರೆಯವರು ಬರೆಯುತ್ತಾರೆ; ಪಾತ್ರೆ ಉರುಳುವುದು, ಕಿಟಕಿ ಕಿರುಗುಟ್ಟುವುದು ನನ್ನ ಪಾಲು. ನಾಲ್ಕು ವರ್ಷಗಳ ಹಿಂದೆ ಹೆಂಡತಿಯ ಕಿವಿ ಪೂರ್ತಿ ಹೋದಾಗ, ಅವಳಿಗೆ ಓದಿಸಲೆಂದೇ ಈ ವಯಸ್ಸಿನಲ್ಲಿ ಇದಕ್ಕೆ ಸೇರಿದೆ.

ಮೊನ್ನೆ ಬಂದ ಸಿನಿಮಾದ ಕತೆ ಸರಳ. ಒಬ್ಬ ಮುಂಗೋಪಿ ತಂದೆ. ಕೋಣೆಯ ಬಾಗಿಲು ಹಾಕಿಕೊಂಡು ಕೂತ ಮಗಳು. ಎರಡು ಗಂಟೆಯ ಉದ್ದಕ್ಕೂ ಅವನು ಆ ಬಾಗಿಲನ್ನು ಮುಷ್ಟಿ ಕಟ್ಟಿ ಬಡಿಯುತ್ತಾನೆ. ಕೊನೆಯ ದೃಶ್ಯದಲ್ಲಿ ಮಾತ್ರ, ಹಣೆಯನ್ನು ಬಾಗಿಲಿಗೆ ಆನಿಸಿ, ತುದಿಬೆರಳಿನಿಂದ ಐದು ಸಲ ತಟ್ಟುತ್ತಾನೆ. ಅವಳು ತೆರೆಯುತ್ತಾಳೆ. ಕ್ಷಮೆ ಕೇಳುವ ಒಂದು ಮಾತೂ ಇಲ್ಲ. ಇಡೀ ಸಿನಿಮಾ ಆ ಐದು ಸದ್ದುಗಳ ಮೇಲೆ ನಿಂತಿದೆ.

ಅದಕ್ಕೊಂದು ಪದ ಬೇಕಿತ್ತು. ಕಣ್ಣು ಮುಚ್ಚಿ, ಅದನ್ನೇ ಮತ್ತೆ ಮತ್ತೆ ಕೇಳುತ್ತ, ಮೂರು ದಿನ ಹುಡುಕಿದೆ. ‘ಟಪ್ ಟಪ್’ ಎಂದರೆ ನಲ್ಲಿ ಸೋರುತ್ತದೆ. ‘ಪಟಪಟ’ ಎಂದರೆ ಬಾಗಿಲಿಗೆ ರೆಕ್ಕೆ ಮೂಡುತ್ತದೆ. ‘ಕುಟುಕುಟು’ ಎಂದರೆ ಇಲಿ ಬಂದು ಕೂರುತ್ತದೆ. ‘ತಟ್ ತಟ್’ ತೀರ ಹತ್ತಿರ ಬಂದು, ಕೊನೆಯ ಗಳಿಗೆಯಲ್ಲಿ ಬಿಗಿಯಾಗಿಬಿಡುತ್ತದೆ. ಸದ್ದಿಗೆ ಬರವಿಲ್ಲದ ಈ ಭಾಷೆಯಲ್ಲಿ, ನಾಚಿ ತಟ್ಟುವವನಿಗೆಂದು ಯಾರೂ ಒಂದು ಪದವನ್ನು ಎತ್ತಿಟ್ಟಿರಲಿಲ್ಲ. ಕೊನೆಗೆ ‘ತ್ತ… ತ್ತ…’ ಎಂದು ಬರೆದೆ. ಓದುವವರ ನಾಲಗೆ ಹಲ್ಲನ್ನು ಮುಟ್ಟಿ ಹಿಂಜರಿಯಲಿ ಎಂದು.

ಕಚೇರಿಯಲ್ಲಿ ಅದು ಐದು ನಿಮಿಷ ಬಾಳಲಿಲ್ಲ. ನಮ್ಮ ಮೇಲ್ವಿಚಾರಕಿಗೆ ಒಪ್ಪಿತ ಪದಗಳ ಪಟ್ಟಿಯೆಂದರೆ ಪ್ರಾಣ. ಬೆನ್ನ ಹಿಂದೆ ನಾವೆಲ್ಲ ಪಟ್ಟಿಯಮ್ಮ ಎನ್ನುತ್ತೇವೆ.

“ಇದೇನ್ ಸಾರ್? ಯಾರಾದ್ರೂ ತೊದಲ್ತಿದಾರಾ?”

“ಬಾಗಿಲು ತಟ್ತಿದಾನೆ ಕಣಮ್ಮ. ಮೆಲ್ಲಗೆ.”

“ಬಾಗಿಲಿಗೆ ‘ಟಕ್ ಟಕ್’ ಇದೆಯಲ್ಲ.”

“ಬಡಿದ್ರೂ ಟಕ್ ಟಕ್, ತಟ್ಟಿದ್ರೂ ಟಕ್ ಟಕ್. ಕುದುರೆಗೂ ಅದೇ. ಇನ್ನು ಗಡಿಯಾರಕ್ಕೂ ಅದನ್ನೇ ಹಾಕಿಬಿಡು!”

“ಗಡಿಯಾರಕ್ಕೆ ಟಿಕ್ ಟಿಕ್ ಸಾರ್,” ಎಂದು ನಿಜಕ್ಕೂ ನೊಂದುಕೊಂಡು ತಿದ್ದಿದಳು.

“‘ಮೆಲ್ಲಗೆ ತಟ್ಟುವ ಸದ್ದು’ ಅಂತಾದ್ರೂ ಹಾಕಮ್ಮ.”

“ವಿವರಣೆ ಹಾಕೋ ಹಾಗಿಲ್ಲ.” ನನ್ನ ಮೂರು ದಿನಗಳನ್ನು ನನ್ನೆದುರೇ ಅಳಿಸಿ ‘ಟಕ್ ಟಕ್’ ಎಂದು ಹಾಕಿದಳು.

ಸಂಜೆ ಆ ಪ್ರತಿಯನ್ನೇ ಮನೆಗೆ ತಂದು ಹೆಂಡತಿಗೆ ತೋರಿಸಿದೆ. ಸಿನಿಮಾ ಮುಗಿಯಿತು. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು.

“ಆ ಹುಡುಗಿಗೆ ಬುದ್ಧಿ ಇಲ್ಲ ಕಣ್ರೀ. ಅವನು ಕೊನೇವರೆಗೂ ಬಡೀತಾನೇ ಇದಾನೆ, ಇವಳು ಹೋಗಿ ಬಾಗಿಲು ತೆಗೀತಾಳಲ್ಲ!”

ನನ್ನ ತುಟಿ ನೋಡಿ ಮಾತು ಹಿಡಿಯುವುದು ಅವಳಿಗೆ ರೂಢಿ. ಪಟ್ಟಿಯಮ್ಮನಿಂದ ಹಿಡಿದು ಎಲ್ಲವನ್ನೂ ಹೇಳಿಕೊಂಡು, ಕಳೆದುಹೋದ ‘ತ್ತ’ವನ್ನೂ ಅಂದು ತೋರಿಸಿದೆ.

“ಹಲ್ಲಲ್ಲಿ ಏನೋ ಸಿಕ್ಕಿಹಾಕ್ಕೊಂಡವರ ಹಾಗೆ ಕಾಣ್ತೀರಿ,” ಎಂದಳು. ಆಮೇಲೆ ಆ ದೃಶ್ಯವನ್ನು ಹಿಂದಕ್ಕೆ ಓಡಿಸಿ ನಿಲ್ಲಿಸಿದಳು. “ಅವನ ಕೈ ಎಲ್ಲಿ?”

“ಎಲ್ಲಿ ಅಂದ್ರೆ?”

“ಮುಖ ಕಾಣುತ್ತೆ, ಮೊಣಕೈ ಕಾಣುತ್ತೆ. ಬೆರಳಿರೋ ಕಡೆ ನಿಮ್ಮ ಅಕ್ಷರದ ಕರೀ ಚೌಕ ಕೂತಿದೆ.”

ನೋಡಿದೆ. ಸರಿಯಾಗಿ ಬೆರಳುಗಳ ಮೇಲೇ ಕೂತಿತ್ತು. ಅಲ್ಲಿ ನನ್ನ ‘ತ್ತ’ ಉಳಿದಿದ್ದರೂ ಅಷ್ಟನ್ನೇ ಮುಚ್ಚುತ್ತಿತ್ತು. ಮೂರು ದಿನ ಕಣ್ಣು ಮುಚ್ಚಿ ಕೇಳಿದವನಿಗೆ ಅದು ಹೇಗೆ ಕಂಡೀತು?

“ಮುಚ್ಚದೇ ಇದ್ದಿದ್ರೆ ನಾನೇ ತಿಳ್ಕೋತಿದ್ದೆ. ತಪ್ಪು ಮಾಡಿದ ಗಂಡಸು ಬಾಗಿಲು ತಟ್ಟೋದು ಹೇಗೆ ಅಂತ ನನಗೆ ಗೊತ್ತಿಲ್ವಾ?” ಎಂದು ನನ್ನನ್ನು ದುರುಗುಟ್ಟಿ ನೋಡಿದಳು.

ಪಟ್ಟಿಯಮ್ಮನಿಗೆ ಫೋನ್ ಮಾಡಿದೆ. “ಆ ಸಾಲು ತೆಗೆದುಬಿಡಮ್ಮ. ಬೆರಳಿಗೆ ಅಡ್ಡ ಬರ್ತಿದೆ.”

“ಸದ್ದಿದ್ದ ಕಡೆ ಸಾಲು ಇರಲೇಬೇಕು ಸಾರ್.”

“ಹಾಗಾದ್ರೆ ಮೇಲ್ಗಡೆ ಹಾಕು.”

“ಮೇಲ್ಗಡೆ ಹಾಡಿಗೆ ಮಾತ್ರ.”

“ಇದೂ ಹಾಡೇ. ಹಾಗಂತ ಬರ್ಕೋ.”

ಅತ್ತ ಅವಳು ಪಟ್ಟಿಯ ಹಾಳೆ ತಿರುವುವುದು ಕೇಳಿಸಿತು. “ಹಾಡು ಅಂದ್ರೆ ಮುಂದೆ ಸಂಗೀತದ ಗುರುತು ಬರುತ್ತೆ ಸಾರ್.”

“ಬರಲಿ.”

“ಪದ ಮಾತ್ರ ಟಕ್ ಟಕ್ಕೇ.”

ಹಲ್ಲು ಕಚ್ಚಿದೆ. “ಹಾಳಾಗಿ ಹೋಗಲಿ, ಹಾಕು,” ಎಂದೆ. “ಬೆರಳು ಕಂಡ್ರೆ ಸಾಕು.”