ಮಿನಿಸ್ಟ್ರೋಗೆ ಎರಡು ಹೊತ್ತಿನ ಮಾತ್ರೆ

ಬೆಕ್ಕಿನ ಬಾಯಿ ತೆರೆದು, ಮಾತ್ರೆ ಹಾಕಿ, ಬಾಯಿ ಮುಚ್ಚುವುದಕ್ಕೆ ಪಶುವೈದ್ಯೆ ಸೋಲಾಂಜ್ ಬಾರಿಯಾಗೆ ಹಿಡಿದದ್ದು ನಾಲ್ಕು ಸೆಕೆಂಡು. ಎದೆಲ್ಮಿರಾ ಗೋಡೆಯ ಗಡಿಯಾರ ನೋಡಿಕೊಂಡೇ ಇದ್ದಳು. ವಾಲ್ಪರಾಯ್ಸೊ ಊರಿನ ಗುಡ್ಡ ಹತ್ತಿಳಿಯುವ ಹಳಿಗಾಡಿಯ ಬ್ರೇಕನ್ನು ಮೂವತ್ತೊಂದು ವರ್ಷ ಹಿಡಿದು ನಿವೃತ್ತಳಾದವಳು. ಸೆಕೆಂಡಿನ ವಿಷಯದಲ್ಲಿ ಅವಳನ್ನು ಯಾರೂ ಏಮಾರಿಸಲಾರರು.

"ಇಷ್ಟೇ, ದೋನ್ಯಾ ಎದೆಲ್ಮಿರಾ," ಅಂದಳು ವೈದ್ಯೆ. "ಬೆಳಗ್ಗೆ ಎಂಟಕ್ಕೊಂದು, ಸಂಜೆ ಎಂಟಕ್ಕೊಂದು. ಪುಡಿ ಮಾಡಬೇಡಿ, ಮುರೀಬೇಡಿ. ನಾಲಿಗೆ ಬುಡಕ್ಕಿಡಿ, ಬಾಯಿ ಮುಚ್ಚಿ ಹಿಡಿದು ಗಂಟಲು ಸವರಿ. ಆಮೇಲೆ ಸೂಜಿ ಇಲ್ಲದ ಸಿರಿಂಜಲ್ಲಿ ಸ್ವಲ್ಪ ನೀರು. ಬಾಯಿ ಪಕ್ಕದಿಂದ, ನಿಧಾನಕ್ಕೆ. ನುಂಗಿದನಾ ಅಂತ ನೋಡಿ. ಕೊನೇಲಿ ನಿಮ್ಮ ಕೈ ತೊಳ್ಕೊಳ್ಳಿ."

"ಒಂದು ಹೊತ್ತು ತಪ್ಪಿದ್ರೆ?"

"ತಪ್ಪಿದ್ದು ತಪ್ಪಿತು. ಮುಂದಿನ ಹೊತ್ತಿಗೆ ಎರಡು ಸೇರಿಸಿ ಮಾತ್ರ ಕೊಡಬೇಡಿ. ಥೈರಾಯ್ಡಿನ ಮಾತ್ರೆ ಇದು. ಕಡಿಮೆಯಾದ್ರೆ ಅವನ ಎದೆ ಓಡಿ ಓಡಿ ದಣಿಯತ್ತೆ, ಜಾಸ್ತಿಯಾದ್ರೆ ಅವನೇ ಮಲಗಿಬಿಡ್ತಾನೆ. ಹನ್ನೆರಡು ವರ್ಷದ ಬೆಕ್ಕು. ನಾವು ಪ್ರಯೋಗ ಮಾಡೋ ವಯಸ್ಸಲ್ಲ."

"ನಾನು ಯಾವತ್ತಾದ್ರೂ ಗಾಡಿ ತಡ ಮಾಡಿದ್ದು ನೋಡಿದೀರಾ, ಡಾಕ್ಟ್ರೇ?"

ಬೆಕ್ಕಿನ ಹೆಸರು ಮಿನಿಸ್ಟ್ರೋ, ಅಂದರೆ ಮಂತ್ರಿ. ಒಂದು ಕೆಲಸವನ್ನೂ ಮಾಡದೆ ಮೂರು ಮನೆಯಲ್ಲಿ ಉಣ್ಣುತ್ತಿದ್ದುದಕ್ಕೆ ಎದೆಲ್ಮಿರಾ ಇಟ್ಟ ಹೆಸರು. ಅವಳ ಮನೆ ಮೆಟ್ಟಿಲುಬೀದಿಯ ನಡುವಿನದು. ಹನ್ನೆರಡು ಮೆಟ್ಟಿಲು ಕೆಳಗೆ ರಿಗೋಬೆರ್ತೋ ಮನ್ಸಿಯಾ, ಸರಕು ಹಡಗುಗಳಲ್ಲಿ ಅಡುಗೆ ಮಾಡಿ ಮುದುಕನಾದವನು. ಒಂಬತ್ತು ಮೆಟ್ಟಿಲು ಮೇಲೆ ಒತಿಲಿಯಾ, ಮದುವೆ ಬಟ್ಟೆ ಹೊಲಿಯುವವಳು. ಇವರಿಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಮದುವೆಯ ಹಿಂದಿನ ದಿನ ಗಾಳಿಗೆ ಹಾಕಿದ್ದ ಬಿಳಿ ಗೌನಿಗೆ ರಿಗೋಬೆರ್ತೋ ಹುರಿದ ಮೀನಿನ ಹೊಗೆ ಹತ್ತಿತ್ತು. ಕೇಳಲು ಹೋದರೆ, "ಮದುಮಗನಿಗೆ ಹಸಿವು ಜಾಸ್ತಿಯಾಗತ್ತೆ, ಬಿಡಿ," ಅಂದಿದ್ದ. ಅವತ್ತಿನಿಂದ ಅವನು ಅವಳ ಪಾಲಿಗೆ "ಆ ಮನುಷ್ಯ", ಅವಳು ಅವನ ಪಾಲಿಗೆ "ಮೇಲಿನವರು". ನೀರು ನಿಂತರೆ, ಗ್ಯಾಸ್ ಬಂಡಿ ಬಂದರೆ, ಸುದ್ದಿ ಮುಟ್ಟಿಸುವವಳು ನಡುವಿನ ಎದೆಲ್ಮಿರಾ. ಅವಳನ್ನು ಬಿಟ್ಟರೆ ಎರಡೂ ಮನೆಗೆ ಹೋಗಿಬರುತ್ತಿದ್ದವನು ಮಿನಿಸ್ಟ್ರೋ ಒಬ್ಬನೇ. ಅವನು ಸುದ್ದಿ ಮುಟ್ಟಿಸುವವನಲ್ಲ.

ಮೊದಲ ಸಂಜೆ ನಾಲ್ಕು ಸೆಕೆಂಡಿನ ಕೆಲಸಕ್ಕೆ ನಲವತ್ತು ನಿಮಿಷ ಹಿಡಿಯಿತು. ಹಂದಿಮಾಂಸದ ತೆಳು ಚೂರಿನಲ್ಲಿ ಸುತ್ತಿ ಕೊಟ್ಟರೆ ಮಾಂಸ ಹೊಟ್ಟೆಗೆ, ಮಾತ್ರೆ ನೆಲಕ್ಕೆ. ಬಾಯಿಗೇ ಇಟ್ಟರೆ ಕಣ್ಣು ಮುಚ್ಚಿ ಸಾಧುವಿನಂತೆ ಕೂತಿದ್ದು, ಅವಳು ಬೆನ್ನು ತಿರುಗಿಸಿದ ಮೇಲೆ ಸೋಫಾದ ಮೇಲೆ ಉಗುಳಿದ. ಗದ್ದಲ ಕೇಳಿ ಕೆಳಗಿನಿಂದ ರಿಗೋಬೆರ್ತೋ ಕೂಗಿದ: "ಏನ್ರೀ, ವೆಸಿನಾ! ಯಾರನ್ನ ಕೊಲ್ತಿದೀರಾ?"

"ಯಾರನ್ನೂ ಇಲ್ಲ! ಬದುಕಿಸ್ತಿದೀನಿ!"

"ಕೂಗಾಟ ಎರಡಕ್ಕೂ ಒಂದೇ ಥರ ಇದೆ!"

ನೆರೆಯವಳನ್ನು "ವೆಸಿನಾ" ಎನ್ನುವುದು ಆ ಬೀದಿಯ ವಾಡಿಕೆ. ಆದರೆ ಅವನ ಬಾಯಲ್ಲಿ ಆ ಪದಕ್ಕೆ ಯಾವಾಗಲೂ ಸ್ವಲ್ಪ ಉಪ್ಪು ಹೆಚ್ಚು.

ಐದನೆಯ ದಿನದ ಹೊತ್ತಿಗೆ ಅವಳಿಗೆ ಹದ ಸಿಕ್ಕಿತು. ಊಟಕ್ಕೆ ಮುಂಚೆ, ಹಸಿದಿರುವಾಗ. ಟವೆಲಿನಲ್ಲಿ ನಾಲ್ಕೂ ಕಾಲು ಸೇರಿಸಿ ಕೂಸಿನಂತೆ ಸುತ್ತಿ, ತಲೆಯೊಂದನ್ನೇ ಹೊರಗಿಟ್ಟು. ಮಾತ್ರೆ, ನೀರು, ಆಮೇಲೆ ಒಂದು ತುಣುಕು ಟ್ಯೂನಾ. ಹತ್ತು ದಿನಕ್ಕೆ ಹನ್ನೊಂದು ಸೆಕೆಂಡಿಗೆ ಇಳಿಸಿದಳು. ಬೆಕ್ಕಿನ ಮೈಯಲ್ಲಿ ಮಾಂಸ ಕಾಣತೊಡಗಿತು.

ಅಷ್ಟರಲ್ಲಿ ಕಿಯೋತಾ ಊರಿನಿಂದ ತಂಗಿಯ ಫೋನು ಬಂತು. ಮಂಗಳವಾರ ಬಲಗಣ್ಣಿನ ಪೊರೆ ತೆಗೆಯುತ್ತಾರೆ, ಜೊತೆಗೆ ಯಾರಾದರೂ ಬೇಕು. ಮಂಗಳವಾರ ಬೆಳಗ್ಗೆ ಮಾತ್ರೆ ಕೊಟ್ಟು ಹೊರಟರೆ ಗುರುವಾರ ಸಂಜೆಯ ಮಾತ್ರೆಗೆ ವಾಪಸ್. ನಡುವೆ ನಾಲ್ಕು ಹೊತ್ತು.

ರಿಗೋಬೆರ್ತೋ ತಾನಾಗಿಯೇ ಮುಂದೆ ಬಂದ. "ಕಡಲಲ್ಲಿ, ಹಡಗು ಹೊಯ್ದಾಡ್ತಾ ಇದ್ದಾಗ, ನಲವತ್ತು ಜನರಿಗೆ ಊಟ ನುಂಗಿಸಿದವನು ನಾನು. ಒಂದು ಬೆಕ್ಕು ಯಾವ ಲೆಕ್ಕ?"

ಎದೆಲ್ಮಿರಾ ಅವನಿಗೆ ಎಲ್ಲ ತೋರಿಸಿಕೊಟ್ಟು, ನಾಲ್ಕು ಮಾತ್ರೆ ಎಣಿಸಿ ಕೊಟ್ಟಳು. ಮನೆಗೆ ಬಂದು ಕೂತವಳಿಗೆ ಸಮಾಧಾನವಿಲ್ಲ. ಹೋದ ಚಳಿಗಾಲದಲ್ಲಿ ಒಲೆಯ ಮೇಲೆ ಕೆಟಲ್ ಇಟ್ಟು ಬಂದರಿಗೆ ನಡೆದುಹೋದ ಮನುಷ್ಯ ಅವನು. ಇನ್ನೂ ನಾಲ್ಕು ಮಾತ್ರೆ ಲಕೋಟೆಗೆ ಹಾಕಿಕೊಂಡು ಮೇಲಕ್ಕೆ ಹತ್ತಿದಳು.

"ಅವರಿಗೆ ಕೊಟ್ಟಿದೀನಿ, ಒತಿಲಿಯಾ. ಆದ್ರೆ ಅವರ ನೆನಪಿನ ವಿಷಯ ನಿನಗೆ ಗೊತ್ತಲ್ಲ. ಅವರು ಮರೆತ್ರೆ ನೀನು ಕೊಟ್ಟುಬಿಡು."

"ಆ ಮನುಷ್ಯ ಮರೀತಾನೆ," ಅಂದಳು ಒತಿಲಿಯಾ, ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆಯದೆ. "ಬರೆದಿಟ್ಕೋ."

ಅವನು ಮರೆತಿದ್ದಾನೋ ಇಲ್ಲವೋ ಅವಳಿಗೆ ತಿಳಿಯುವುದು ಹೇಗೆ ಎಂಬುದನ್ನು ಇಬ್ಬರೂ ಯೋಚಿಸಲಿಲ್ಲ. ಆ ಮೆಟ್ಟಿಲಿನ ಸುದ್ದಿಯೆಲ್ಲ ಎದೆಲ್ಮಿರಾಳ ಬಾಯಿಂದ ಹೋಗುತ್ತಿತ್ತು, ಎದೆಲ್ಮಿರಾ ಕಿಯೋತಾ ಬಸ್ಸಿನಲ್ಲಿ ಹೋದಳು.

ಗುರುವಾರ ಐದೂವರೆಗೆ ಅವಳು ಕೆಳಗಿನಿಂದ ಹತ್ತಿ ಬರುವಾಗ ರಿಗೋಬೆರ್ತೋ ಬಾಗಿಲಲ್ಲೇ ನಿಂತಿದ್ದ.

"ನಾಲ್ಕಕ್ಕೆ ನಾಲ್ಕು! ಒಂದನ್ನೂ ಉಗುಳಲಿಲ್ಲ. ನೀರು ಕೊಟ್ಟೆ, ಬಾಯಿ ತೆರೆದು ನೋಡಿದೆ, ಕೈ ತೊಳೆದೆ. ನಿಮ್ಮ ಡಾಕ್ಟ್ರಿಗೆ ಹೇಳಿ, ಕೆಲಸ ಕೊಟ್ರೆ ಬರ್ತೀನಿ ಅಂತ."

"ದೇವರು ಒಳ್ಳೇದು ಮಾಡ್ಲಿ, ದೋನ್ ರಿಗೋ. ಎಲ್ಲಿ ಅವನು?"

"ಮೇಲಿನವರ ಹತ್ರ. ಬೆಳಗಿಂದ ಯಾಕೋ ಮಂಕಾಗಿದ್ದಾನೆ. ನೀವಿಲ್ಲ ಅಂತ ಬೇಜಾರಿರಬೇಕು."

ಮಿನಿಸ್ಟ್ರೋ ಹೊಲಿಗೆ ಯಂತ್ರದ ಕೆಳಗೆ, ಬಟ್ಟೆಯ ಚೂರುಗಳ ಮೇಲೆ ಮಲಗಿದ್ದ. ಎದೆಲ್ಮಿರಾಳನ್ನು ನೋಡಿ ಕಿವಿ ಮಾತ್ರ ಆಡಿಸಿದ. ಪಕ್ಕದ ತಟ್ಟೆಯಲ್ಲಿ ಟ್ಯೂನಾ ಹಾಗೇ ಒಣಗಿತ್ತು.

"ಮಧ್ಯಾಹ್ನ ಎರಡು ಸಲ ವಾಂತಿ ಮಾಡಿದ," ಅಂದಳು ಒತಿಲಿಯಾ. "ಆದ್ರೆ ಮಾತ್ರೆ ಮಾತ್ರ ತಪ್ಪಿಸಿಲ್ಲ ಕಣೇ. ನಾಲ್ಕೂ ಕೊಟ್ಟಿದೀನಿ. ಅವನನ್ನ ಗೌನಿನ ಬಟ್ಟೇಲಿ ಸುತ್ತಿ, ರೇಷ್ಮೆಯಲ್ಲಿ. ರಾಜನ ಹಾಗೆ ನುಂಗಿದ."

ಎದೆಲ್ಮಿರಾ ಚೀಲ ಕೆಳಗಿಟ್ಟಳು. "ನಾಲ್ಕೂ?"

"ನಾಲ್ಕೂ."

"ದೋನ್ ರಿಗೋ ಮರೆತಿದ್ರೆ ಕೊಡು ಅಂದಿದ್ದೆ. ಮರೆತ್ರಾ ಅಂತ ಕೇಳಲಿಲ್ವಾ?"

"ಕೇಳೋದಾ? ಆ ಮನುಷ್ಯನ್ನ? ನಾನು?" ಒತಿಲಿಯಾ ಕತ್ತರಿ ಮೇಜಿನ ಮೇಲೆ ಕುಕ್ಕಿದಳು. "ಅವರ ನೆನಪು ಗೊತ್ತಲ್ಲ ಅಂತ ನೀನೇ ತಾನೇ..." ಎನ್ನುತ್ತಿದ್ದವಳು ಎದೆಲ್ಮಿರಾಳ ಮುಖ ನೋಡಿ ಅಲ್ಲೇ ನಿಲ್ಲಿಸಿದಳು. "ಅವನೂ ಕೊಟ್ಟನಾ?"

ಬ್ರೇಕು ಹಿಡಿಯದ ಗಾಡಿ ಹಳಿಯ ಮೇಲೆ ಜಾರುವುದನ್ನು ಮೂವತ್ತೊಂದು ವರ್ಷದಲ್ಲಿ ಎದೆಲ್ಮಿರಾ ಒಂದು ಸಲವೂ ಕಂಡಿರಲಿಲ್ಲ. ಈಗ ಕಂಡಳು. ಕ್ಲಿನಿಕ್ಕಿಗೆ ಫೋನು ಮಾಡಿದಳು. ಏಳಕ್ಕೆ ಬಾಗಿಲು ಹಾಕುತ್ತಾರೆ, ಈಗಲೇ ಕರೆತನ್ನಿ, ಇನ್ನೊಂದು ಮಾತ್ರೆ ಕೊಡಬೇಡಿ, ಬಲವಂತವಾಗಿ ಏನನ್ನೂ ತಿನ್ನಿಸಬೇಡಿ ಎಂದರು.

ಬುಟ್ಟಿ ಹೊತ್ತವನು ರಿಗೋಬೆರ್ತೋ. ಟವೆಲು ಹಿಡಿದು ಹಿಂದೆ ಓಡಿ ಬಂದವಳು ಒತಿಲಿಯಾ. ನಡುವೆ ಎದೆಲ್ಮಿರಾ. ಇಳಿಜಾರಿನ ಉದ್ದಕ್ಕೂ ಮಾತೆಲ್ಲ ಅವಳ ತಲೆಯ ಮೇಲಿಂದಲೇ ಹಾರಾಡಿತು.

"ಬುಟ್ಟಿ ಅಲ್ಲಾಡಿಸಬೇಡ ಅಂತ ಆ ಮನುಷ್ಯನಿಗೆ ಹೇಳು."

"ಹೊಯ್ದಾಡೋ ಹಡಗಲ್ಲಿ ಸೂಪಿನ ಪಾತ್ರೆ ಹಿಡಿದ ಕೈ ಇದು ಅಂತ ಮೇಲಿನವರಿಗೆ ಹೇಳಿ."

"ಸೂಪು ವಾಂತಿ ಮಾಡಲ್ಲ ಅಂತ ಹೇಳು."

"ನನ್ನ ಸೂಪು ಕುಡಿದವರೂ ಮಾಡಿಲ್ಲ ಅಂತ ಹೇಳಿ!"

"ಬಾಯಿ ಮುಚ್ಚಿ, ಇಬ್ಬರೂ!" ಅಂದಳು ಎದೆಲ್ಮಿರಾ. ಅವಳು ಹಾಗೆ ಗದರಿದ್ದನ್ನು ಯಾರೂ ಕೇಳಿರಲಿಲ್ಲ.

ವೈದ್ಯೆ ಬೆಕ್ಕನ್ನು ಮೇಜಿನ ಮೇಲಿಟ್ಟು ಎದೆಗೆ ಸ್ಟೆತಾಸ್ಕೋಪು ಹಚ್ಚಿದಳು. "ಎಷ್ಟು ಹೋಗಿದೆ? ಅಂದಾಜು ಬೇಡ."

ರಿಗೋಬೆರ್ತೋ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಒತಿಲಿಯಾ ನೆಲ ನೋಡಿದಳು. ಇವರಿಬ್ಬರಲ್ಲಿ ಒಬ್ಬರ ಕಡೆ ಬೆರಳು ತೋರಿಸಿದರೆ ಮುಗಿಯುತ್ತಿತ್ತು.

"ನಾಲ್ಕು ಹೋಗಬೇಕಿತ್ತು, ಎಂಟು ಹೋಗಿದೆ," ಅಂದಳು ಎದೆಲ್ಮಿರಾ. "ಕೊನೆಯದು ಇವತ್ತು ಬೆಳಗ್ಗೆ ಎಂಟರ ಆಸುಪಾಸಿಗೆ. ಇವರಿಬ್ಬರೂ ತಪ್ಪು ಮಾಡಿಲ್ಲ, ಡಾಕ್ಟ್ರೇ. ದೋನ್ ರಿಗೋ ಮೇಲೆ ನಂಬಿಕೆ ಇಲ್ಲದೆ ಒತಿಲಿಯಾಗೆ ಹೇಳಿದೆ. ಅವಳಿಗೆ ಹೇಳಿದ್ದನ್ನ ಇವರಿಗೆ ಹೇಳಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಮಾತಾಡಲ್ಲ ಅಂತ ಗೊತ್ತಿದ್ದವಳು ನಾನೇ."

ವೈದ್ಯೆ ರಕ್ತ ತೆಗೆದಳು, ಚರ್ಮದ ಕೆಳಗೆ ಸಲೈನ್ ಹಾಕಿದಳು. ಎರಡು ದಿನದ ದುಪ್ಪಟ್ಟು ಮಾತ್ರೆಗೆ ಹೊಟ್ಟೆ ಕೆಟ್ಟಿದೆ, ಮಂಕಾಗಿದ್ದಾನೆ, ಎದೆಬಡಿತ ಸರಿಯಾಗಿದೆ ಎಂದಳು. ಇವತ್ತು ಇಲ್ಲೇ ಇರಲಿ. ಮಾತ್ರೆ ನಾನು ಹೇಳುವವರೆಗೆ ನಿಲ್ಲಿಸಿ.

"ಒಂದು ವಿಷಯ ಮಾತ್ರ ನನಗೆ ಅರ್ಥವಾಗಿಲ್ಲ," ಅಂದಳು ಕೈ ತೊಳೆಯುತ್ತ. "ಎಂಟೂ ಮಾತ್ರೆಯನ್ನ ಒಂದನ್ನೂ ಉಗುಳಿಸದೆ ನುಂಗಿಸಿದವರು ಯಾರು?"

ಎರಡು ಕೈ ಒಟ್ಟಿಗೇ ಮೇಲೆದ್ದವು. ಎದ್ದಷ್ಟೇ ಬೇಗ ಇಳಿದವು.

ಮರುದಿನ ಬೆಳಗ್ಗೆ ಮಿನಿಸ್ಟ್ರೋ ಅರ್ಧ ಬಟ್ಟಲು ತಿಂದು, ನರ್ಸಿನ ಹೆಬ್ಬೆರಳಿಗೆ ಬಾಯಿ ಹಾಕಿದ ಎಂದು ಕ್ಲಿನಿಕ್ಕಿನವರು ತಿಳಿಸಿದರು. ರಕ್ತದ ವರದಿ ನೋಡಿ ನಾಲ್ಕನೆಯ ದಿನದಿಂದ ಮತ್ತೆ ಮಾತ್ರೆ ಶುರುವಾಯಿತು, ಹಳೆಯ ಪ್ರಮಾಣದಲ್ಲೇ.

ಮೂರು ವಾರಕ್ಕೆ ತಂಗಿಯ ಎಡಗಣ್ಣಿನ ಸರದಿ. ಈ ಸಲ ಎದೆಲ್ಮಿರಾ ಇಬ್ಬರನ್ನೂ ತನ್ನ ಮನೆಯ ಸಂಜೆ ಚಹಾಕ್ಕೆ ಕರೆದಳು. ಬಂದರು. ಮೇಜಿನ ಎರಡು ತುದಿಯಲ್ಲಿ ಕೂತು, ಬ್ರೆಡ್ಡಿಗೆ ಬೆಣ್ಣೆಹಣ್ಣು ಹಚ್ಚಿಕೊಂಡರು. ಎದೆಲ್ಮಿರಾ ಒಂದೇ ಲಕೋಟೆ ತೆಗೆದು ಮೇಜಿನ ನಡುವೆ ಇಟ್ಟಳು.

"ನಾಲ್ಕು ಮಾತ್ರೆ. ದೋನ್ ರಿಗೋ ಕೊಡ್ತಾರೆ. ಒತಿಲಿಯಾ, ನೀನು ಕೊಡಲ್ಲ."

"ಆ ಮನುಷ್ಯ ಮರೆತ್ರೆ?"

"ಮರೆತ್ರೆ ಒಂದು ಹೊತ್ತು ತಪ್ಪತ್ತೆ. ಡಾಕ್ಟ್ರು ಹೇಳಿದಾರೆ, ತಪ್ಪಿದ್ದು ತಪ್ಪಿತು."

"ನಾನು ಇಲ್ಲೇ ಕೂತಿದೀನಿ," ಅಂದ ರಿಗೋಬೆರ್ತೋ, ಬ್ರೆಡ್ಡಿಗೆ ಹೇಳುವಂತೆ. "ಮರೆತ್ರೆ ಅಂತ ನನ್ನನ್ನೇ ಕೇಳಬಹುದು."

ಒತಿಲಿಯಾ ಚಹಾ ಕಲಕಿದಳು, ಕಲಕುತ್ತಲೇ ಇದ್ದಳು.

ಬಸ್ಸಿನಲ್ಲಿ ಎದೆಲ್ಮಿರಾ ಒತಿಲಿಯಾಳ ನಂಬರು ಮೂರು ಸಲ ತೆಗೆದಳು. ಮೂರು ಸಲವೂ ಫೋನನ್ನು ಚೀಲಕ್ಕೆ ಹಾಕಿದಳು.

ಆ ಸಂಜೆ ಎಂಟಕ್ಕೆ ಅವಳು ತಂಗಿ ಎರ್ಸಿಲಿಯಾಳ ಪಕ್ಕದಲ್ಲಿ ಕೂತು, ಹೊಸ ಕಣ್ಣಿಗೆ ಒಂದು ಹನಿ ಮದ್ದು ಬಿಟ್ಟಳು. ಗಡಿಯಾರ ನೋಡಿದಳು. ಎಂಟೂ ನಾಲ್ಕು. ಎಂಟೂ ಆರು. ಎಂಟೂ ಒಂಬತ್ತಕ್ಕೆ ಫೋನು ಬಡಿಯಿತು. ರಿಗೋಬೆರ್ತೋ ಅಲ್ಲ, ಒತಿಲಿಯಾ.

"ನಾನು ಕೊಟ್ಟಿಲ್ಲ!" ಎನ್ನುವುದೇ ಅವಳ ಮೊದಲ ಮಾತು. "ಆಣೆ ಮಾಡಿ ಹೇಳ್ತೀನಿ. ಅವನ ಮನೆ ಕಿಟಕಿ ಹತ್ರ ನಿಂತು ನೋಡ್ದೆ ಅಷ್ಟೆ. ಮಾತ್ರೆ ಹಾಕಿದ, ಗಂಟಲು ಸವರಿದ, ನೀರು ಕೊಡೋದು ಬಿಟ್ಟು ಹಾಡು ಹೇಳ್ತಾ ನಿಂತ. ಗಾಜು ಬಡಿದೆ. 'ನೀರು!' ಅಂದೆ."

"ಏನಂದ್ರು?"

"'ಮನೆಗೆ ಬಾಗಿಲು ಅಂತ ಒಂದಿದೆ, ಸೆನ್ಯೋರಾ, ಚಳೀಲಿ ಯಾಕೆ ನಿಂತಿದೀರಿ' ಅಂದ. ಒಳಗೆ ಹೋದೆ. ಬೆಕ್ಕಿನ ಬಾಯಿ ನಾನು ತೆರೆದೆ, ನೀರು ಅವನು ಬಿಟ್ಟ. ಟವೆಲು ಸುತ್ತೋದು ಗೊತ್ತಿಲ್ಲ ಕಣೇ ಅವನಿಗೆ, ಮೀನು ಕಟ್ಟೋ ಹಾಗೆ ಕಟ್ತಾನೆ."

ಹಿಂದಿನಿಂದ ರಿಗೋಬೆರ್ತೋನ ದನಿ ಕೇಳಿಸಿತು: "ಮೀನಾದ್ರೂ ಕಚ್ಚಲ್ಲ ಅಂತ ಹೇಳಿ ಅವರಿಗೆ!"

"ಎಷ್ಟು ಹೋಯ್ತು, ಒತಿಲಿಯಾ?"

"ಒಂದು."

"ಒಂದೇನಾ?"

"ಒಂದೇ. ಲಕೋಟೇಲಿ ಮೂರಿದೆ. ನಾಲ್ಕು ಕಣ್ಣು ನೋಡ್ತಿದೆ, ನೀನು ಆರಾಮಾಗಿ ತಂಗೀನ ನೋಡ್ಕೋ."

ಎದೆಲ್ಮಿರಾ ಫೋನು ಕೆಳಗಿಟ್ಟಳು. ಎದ್ದು, ಕಿಟಕಿಯ ಮೇಲಿದ್ದ ಹನಿ ಮದ್ದಿನ ಶೀಶೆ ತೆಗೆದು, ಮುಚ್ಚಳ ತಿರುಗಿಸಿ, ತಂಗಿಯ ಗಲ್ಲ ಹಿಡಿದು ಮುಖ ಮೇಲೆತ್ತಿದಳು.

"ಅಯ್ಯೋ, ಈಗ ತಾನೇ ಹಾಕಿದೆಯಲ್ಲೇ, ಅಕ್ಕಾ!" ಎಂದು ಎರ್ಸಿಲಿಯಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.