ಇಸ್ತ್ರಿ ಕೈಗೆ ತಣ್ಣೀರು

ಇಸ್ತ್ರಿ ಹಾಕಿದ ಕೈಗೆ ಮರುದಿನ ಬೆಳಗಿನ ತನಕ ತಣ್ಣೀರು ಸೋಕಬಾರದು. ಬಿಸಿ ಕೈಗೆ ತಣ್ಣೀರು ಬಿದ್ದರೆ ನರ ಮುದುಡಿಕೊಂಡು ಬೆರಳು ಸೊಟ್ಟಗಾಗುತ್ತದೆ ಎಂದು ನನ್ನ ಅಮ್ಮ ಹೇಳಿದ್ದಳು, ಅವಳಿಗೆ ಅವಳ ಅಮ್ಮ. ನಾನು ಮೂವತ್ತು ವರ್ಷದಿಂದ ಊರವರ ಬಟ್ಟೆಗೆ ಇಸ್ತ್ರಿ ಹಾಕುವವಳು. ಶುಕ್ರವಾರ ಇಸ್ತ್ರಿಯ ದಿನ, ಅಂದು ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವುದಿಲ್ಲ. ಫ್ರಿಜ್ಜಿನ ಬಾಗಿಲನ್ನೂ ಗಂಡನೇ ತೆಗೆಯಬೇಕು.

ಮಗಳು ಯಾಮಿಲೆ ಇದಕ್ಕೆಲ್ಲ ನಗುತ್ತಿದ್ದಳು. ಅವಳಿಗೆ ಹೂವಿನ ತೋಟದಲ್ಲಿ ಕೆಲಸ. ಬೆಳಗ್ಗೆ ಆರರಿಂದ ಪ್ಲಾಸ್ಟಿಕ್ ಮಾಡಿನಡಿ ನಿಂತು ಗುಲಾಬಿ ಕತ್ತರಿಸಬೇಕು. ಫೆಬ್ರವರಿ ಹತ್ತಿರವಾದರೆ ಗ್ರಿಂಗೊಗಳ, ಆ ಅಮೆರಿಕದವರ, ಪ್ರೇಮಿಗಳ ಹಬ್ಬಕ್ಕೆಂದು ಭಾನುವಾರವೂ ರಜೆಯಿಲ್ಲ. ಹಾಗಿದ್ದೂ ಶುಕ್ರವಾರ ಬಂದವಳೇ ನನ್ನ ಗಂಟಿನಿಂದ ನಾಲ್ಕು ಅಂಗಿ ಎಳೆದುಕೊಂಡು ಇಸ್ತ್ರಿ ಹಾಕಿಕೊಡುವಳು. ಆಮೇಲೆ ನೆಟ್ಟಗೆ ನಲ್ಲಿಯ ಕೆಳಗೆ ಕೈ ಒಡ್ಡುವಳು.

"ಬೆರಳು ಸೊಟ್ಟಗಾದ್ಮೇಲೆ ನನ್ನ ಹತ್ರ ಬಂದು ಅಳ್ಬೇಡ."

"ಸೊಟ್ಟಗಾದ್ರೆ ಒಳ್ಳೇದೇ ಬಿಡಮ್ಮ. ಚೀಲ ನೇತಾಕ್ಕೊಳ್ಳೋಕೆ ಮೊಳೆ ಹೊಡೆಯೋದು ತಪ್ಪುತ್ತೆ."

ಹಾಗಾಗಿ ಎರಡು ವರ್ಷದ ಹಿಂದೆ ಅವಳ ಬಲಗೈ ಜೋಮು ಹಿಡಿಯತೊಡಗಿದಾಗ ಕಾರಣ ಹುಡುಕುವ ಕೆಲಸವೇ ನನಗಿರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಕಿರುಬೆರಳಿಗೆ ಏನೂ ಇಲ್ಲ. ಬೆಳಗಿನ ಜಾವ ಎದ್ದು ಕೂತು, ನೀರು ಕೊಡವುವ ಹಾಗೆ ಕೈ ಕೊಡವುತ್ತಿದ್ದಳು. ಊರ ಆಸ್ಪತ್ರೆಯವರು ಬೊಗೋಟಾದಲ್ಲಿ ನರದ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಚೀಟಿ ಬರೆದುಕೊಟ್ಟರು.

"ಚೀಟಿ ನನ್ನ ಹತ್ರ ಇರ್ಲಿ, ನೀನು ಕಳೀತೀಯ," ಎಂದು ನಾನೇ ಇಸಿದುಕೊಂಡೆ. ಕನ್ಯಾಮರಿಯಳ ಪಟದ ಹಿಂದೆ ಸಿಕ್ಕಿಸಿದೆ. ಪರೀಕ್ಷೆ ಎಂದರೆ ಆಮೇಲೆ ಕತ್ತಿ ಎಂದೇ ನನ್ನ ಲೆಕ್ಕ. ಬದಲಿಗೆ ಅವಳನ್ನು ಉಳುಕು ತೆಗೆಯುವ ದೋನ್ ಅಬ್ಸಲೋನ್ ಹತ್ತಿರ ಕರೆದುಕೊಂಡು ಹೋದೆ. ಅವನು ಬಿಸಿ ಮುಲಾಮು ಹಚ್ಚಿ, ಮಣಿಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕಿದ. ಅವಳ ಕಣ್ಣಲ್ಲಿ ನೀರು ಬಂತು. ತಣ್ಣೀರು ಇಳಿಯುತ್ತಿದೆ, ಅದಕ್ಕೇ ನೋವು ಎಂದ. ನಾನು ತಲೆಯಾಡಿಸಿದೆ. ಆಮೇಲೆ ಐದು ಸಲ ಹೋದೆವು.

"ಚೀಟಿ ಎಲ್ಲಿಟ್ಟಿದೀಯಮ್ಮ?" ಎಂದು ಒಮ್ಮೆ ಕೇಳಿದಳು.

"ಎಲ್ಲೋ ಇದೆ. ಹುಡುಕ್ತೀನಿ."

ಅವಳು ಮತ್ತೆ ಕೇಳಲಿಲ್ಲ. ಕೇಳುವುದಾದರೂ ಹೇಗೆ. ಅವಳ ಮಗು ಲುಸೇರೊಳನ್ನು ದಿನವಿಡೀ ನೋಡಿಕೊಳ್ಳುವವಳು ನಾನು.

ಮಗುವಿನ ಮೂರನೆಯ ಹುಟ್ಟುಹಬ್ಬದ ದಿನ ಅದು ನಡೆಯಿತು. ಯಾಮಿಲೆ ಎಲ್ಲರಿಗೂ ಬಿಸಿ ಚಾಕೊಲೇಟು ಕೊಡುತ್ತಿದ್ದಳು. ಒಂದು ಲೋಟ ಅವಳ ಕೈಯಿಂದ ತಾನಾಗಿ ಜಾರಿ, ಮಗುವಿನ ಕಾಲಿನ ಪಕ್ಕದಲ್ಲೇ ಬಿದ್ದು ಒಡೆಯಿತು. ಮಗುವಿಗೆ ಏನೂ ಆಗಲಿಲ್ಲ. ನನ್ನ ನಾದಿನಿ, ಅಕ್ಕಪಕ್ಕದವರು, ಎಲ್ಲರ ಎದುರಿಗೆ ನಾನು ಅಂದೆ:

"ಲೋಟ ಹಿಡಿಯೋಕೆ ಯೋಗ್ಯತೆ ಇಲ್ಲದ ಕೈಯಲ್ಲಿ ಮಗು ಎತ್ತಾಡಿಸ್ತಾಳಂತೆ."

ನಾಲ್ಕು ಜನ ನಕ್ಕರು. ಯಾಮಿಲೆ ಮಂಡಿಯೂರಿ ಎಡಗೈಯಲ್ಲಿ ನೆಲ ಒರೆಸಿದಳು.

ಅಂದಿನಿಂದ ಅವಳು ನನ್ನೆದುರು ಮಗುವನ್ನು ಎತ್ತಲಿಲ್ಲ. ನೆಲದ ಮೇಲೆ ಕೂತು ತೊಡೆಗೆ ಕರೆಯುವಳು. ಮಗು ಎತ್ತಿಕೋ ಎಂದು ಹಟ ಮಾಡಿದರೆ, "ಅಜ್ಜಿ ಹತ್ರ ಹೋಗು ಪುಟ್ಟಿ," ಎನ್ನುವಳು. ನಾನು ಇದನ್ನು ಗಮನಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಮನಿಸಿದ್ದೆ. ಮಗು ನನ್ನ ಕಡೆ ಓಡಿಬಂದಾಗ ಒಳಗೊಳಗೇ ಹಿಗ್ಗಿದ್ದೆ.

ಏಪ್ರಿಲ್‌ನಲ್ಲಿ ತೋಟದವರೇ ಅವಳನ್ನು ಕೈಯ ಡಾಕ್ಟರ ಬಳಿಗೆ ಕಳಿಸಿದರು. ನಾನೂ ಜೊತೆಗೆ ಹೋದೆ. ದೂರು ಹೇಳುವುದಕ್ಕೇ ಹೋದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದರು. ಯಾಮಿಲೆ ಶಾಕ್ ಹೊಡೆದವಳಂತೆ ಬೆಚ್ಚಿದಳು. ಹೆಬ್ಬೆರಳು, ತೋರುಬೆರಳ ತುದಿಗಳ ನಡುವೆ ಕಾಗದ ಹಿಡಿಸಿ ಎಳೆದರು. ಕಾಗದ ಸಲೀಸಾಗಿ ಬಂದುಬಿಟ್ಟಿತು. ಹೆಬ್ಬೆರಳಿನ ಬುಡದಲ್ಲಿ ಉಬ್ಬಿರಬೇಕಾದ ಮಾಂಸ ತಗ್ಗಿಹೋಗಿತ್ತು. ಆ ಕೈಗೆ ಅಷ್ಟು ಸಲ ಮುಲಾಮು ಹಚ್ಚಿಸಿದ ನಾನು ಅದನ್ನು ನೋಡಿಯೇ ಇರಲಿಲ್ಲ.

"ಇಸ್ತ್ರಿ ಹಾಕಿ ತಣ್ಣೀರಲ್ಲಿ ಕೈ ತೊಳೀತಾಳೆ ಡಾಕ್ಟರೇ. ಎಷ್ಟು ಹೇಳಿದ್ರೂ ಕೇಳಲ್ಲ. ಆರು ಸಲ ತಿಕ್ಕಿಸಿದ್ರೂ ಇಳೀಲಿಲ್ಲ."

"ನಮ್ಮಜ್ಜಿನೂ ಹಾಗೇ ಹೇಳ್ತಿದ್ರು ಸೆನ್ಯೋರಾ," ಎಂದರು ಡಾಕ್ಟರಮ್ಮ. "ಆದ್ರೆ ಇದು ನೀರಿಂದ ಬಂದಿದ್ದಲ್ಲ. ಮಣಿಕಟ್ಟಲ್ಲಿ ಒಂದು ಸಣ್ಣ ಓಣಿ ಇರುತ್ತೆ. ದಿನಾ ಕತ್ತರಿ ಒತ್ತಿ ಒತ್ತಿ ಅಲ್ಲಿ ಊತ ಬಂದು, ನರಕ್ಕೆ ಜಾಗ ಇಲ್ದಂಗಾಗಿದೆ. ಅದನ್ನ ಮತ್ತೆ ತಿಕ್ಕಿದ್ರೆ ಇನ್ನೂ ಕೆಟ್ಟದ್ದು." ಯಾಮಿಲೆಯ ಕಡೆ ತಿರುಗಿದರು. "ಎರಡು ವರ್ಷ ಅಂತೀರಿ. ಯಾರೂ ನರದ ಪರೀಕ್ಷೆಗೆ ಬರ್ಕೊಟ್ಟಿರ್ಲಿಲ್ವಾ?"

"ಬರ್ಕೊಟ್ಟಿದ್ರು," ಎಂದಳು ಯಾಮಿಲೆ. "ಚೀಟಿ ಎಲ್ಲೋ ಕಳ್ಕೊಂಡೆ."

ಡಾಕ್ಟರಮ್ಮ ಅವಳನ್ನೇ ಗದರಿದರು. ಆಗಲೇ ಬಂದಿದ್ದರೆ ಮಲಗುವಾಗ ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಒಂದು ಇಂಜೆಕ್ಷನ್ ಕೊಟ್ಟು ನೋಡಬಹುದಿತ್ತು; ಈಗ ಕೊಯ್ದು ಜಾಗ ಬಿಡಿಸದೆ ವಿಧಿಯಿಲ್ಲ. ಜೋಮು ಬಹುಪಾಲು ಹೋಗುತ್ತದೆ. ಹೆಬ್ಬೆರಳಿನ ಬಲದ ಬಗ್ಗೆ ಮಾತು ಕೊಡಲಾರೆ ಎಂದರು. ಯಾಮಿಲೆ ತಲೆ ತಗ್ಗಿಸಿ ಎಲ್ಲ ಬೈಗುಳ ಕೇಳಿಸಿಕೊಂಡಳು. ನಾನು ಪಕ್ಕದ ಕುರ್ಚಿಯಲ್ಲಿ ಚೀಲವನ್ನು ಅವುಚಿಕೊಂಡು ಕೂತೇ ಇದ್ದೆ.

ಕೈ ಕೊಯ್ದರು. ಎರಡು ವಾರಕ್ಕೆ ಹೊಲಿಗೆ ಬಿಚ್ಚಿದರು. ಬೆಳಗಿನ ಜಾವ ಎದ್ದು ಕೈ ಕೊಡವುವುದು ನಿಂತಿತು.

ಎರಡು ತಿಂಗಳು ಕಳೆದ ಮೇಲೆ ಒಂದು ಶುಕ್ರವಾರ ಸಂಜೆ ಕೊನೆಯ ಅಂಗಿ ಮಡಿಸಿಟ್ಟೆ. ಯಾಮಿಲೆ ಹಿತ್ತಲ ಬಾಗಿಲಲ್ಲಿ ಮಗುವಿಗೆ ಸ್ವೆಟರ್ ಹಾಕುತ್ತಿದ್ದಳು. ನಾನು ಅವಳನ್ನು ದಾಟಿಹೋಗಿ, ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿಗೆ ಎರಡೂ ಕೈ ಇಳಿಸಿದೆ. ನೀರು ಮೊಣಕೈವರೆಗೆ ಕೊರೆಯಿತು.

"ಏನಮ್ಮ ಇದು, ಸಾಯೋಕೆ ಹೊರಟಿದೀಯಾ?"

"ಚೀಟಿ ಕಳೆದಿರ್ಲಿಲ್ಲ," ಎಂದೆ, ನೀರನ್ನೇ ನೋಡುತ್ತ.

"ಗೊತ್ತು. ಪಟದ ಧೂಳು ಒರೆಸೋವಾಗ ನೋಡಿದ್ದೆ."

"ಮತ್ತೆ ತಗೊಳ್ಳೋದಲ್ವಾ?"

"ಅಲ್ಲೇ ಇಟ್ಟೆ," ಎಂದಳು. "ನೀನೇ ಕೊಡ್ತೀಯೇನೋ ಅಂತ ನೋಡ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಅವತ್ತು ಜನರೆದುರು ಆಡಿದ ಮಾತು ತಪ್ಪು ಮಗಳೇ. ಚೀಟಿದೂ ತಪ್ಪು."

"ಹ್ಞೂಂ," ಎಂದಳು. ಅಷ್ಟೇ.

ಆಮೇಲೆ ಸ್ವೆಟರಿನ ಗುಂಡಿಗಳಿಗೆ ಕೈ ಹಾಕಿದಳು. ಮೊದಲನೆಯದು ಹೆಬ್ಬೆರಳಿನಿಂದ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. "ಅಜ್ಜಿ ಹಾಕ್ಲಿ," ಎಂದಿತು ಮಗು, ನನ್ನತ್ತ ಕತ್ತು ಚಾಚಿ. ಯಾಮಿಲೆ ನನ್ನ ಮುಖ ನೋಡಿದಳು. ನನ್ನ ಕೈಗಳು ಎದ್ದುಬರಲು ಹವಣಿಸಿದವು. ಅವನ್ನು ತೊಟ್ಟಿಯ ತಳಕ್ಕೆ ಒತ್ತಿ ಹಿಡಿದೆ.

"ನಿಮ್ಮಮ್ಮ ಹಾಕ್ತಾಳೆ," ಎಂದೆ. "ಅಲ್ಲಾಡ್ಬೇಡ."

ಐದು ಗುಂಡಿಗಳಿದ್ದವು. ಬೆರಳು ಮರಗಟ್ಟುವ ತನಕ ನಾನು ಕೈ ಮೇಲೆತ್ತಲಿಲ್ಲ.